ಡೀಸೆಲ್ ಮುಚ್ಚಳದ ಅರಗು

ನಾನು ಯಾರನ್ನೂ ಸುಲಭವಾಗಿ ನಂಬುವವನಲ್ಲ. ಅಮೀನಗಡದಿಂದ ಕರದಂಟಿನ ಡಬ್ಬಿ ತಂದರೆ ಮನೆಗೆ ಬಂದು ತುಂಡು ಎಣಿಸುತ್ತೇನೆ. ‘ಹುಚ್ಚೇಶ, ನಿನ್ನ ನೆರಳನ್ನಾದರೂ ನಂಬಪ್ಪಾ’ ಎಂದು ಕಮತಗಿಯ ಗೆಳೆಯರು ನಗುತ್ತಾರೆ. ನಗಲಿ, ಅವರದೇನು ಹೋಗುತ್ತದೆ? ಬೂಮ್ ಲಿಫ್ಟ್ ನನ್ನದು. ನಾಲ್ಕು ಗಾಲಿಯ ಗಾಡಿ, ಅದರ ಮೇಲೆ ಉದ್ದನೆಯ ಕಬ್ಬಿಣದ ತೋಳು, ತೋಳಿನ ತುದಿಗೆ ಇಬ್ಬರು ನಿಲ್ಲುವ ತೊಟ್ಟಿಲು. ನಡೆಸುವ ಕೀಲಿ, ಗುಂಡಿಗಳೆಲ್ಲ ಆ ತೊಟ್ಟಿಲಲ್ಲೇ.

ಆರು ವರ್ಷದಿಂದ ಅದನ್ನು ನಡೆಸುತ್ತಿದ್ದವನು ರಾಜಮಹ್ಮದ. ಒಂದು ದಿನವೂ ಅವನ ಮೇಲೆ ದೂರು ಬಂದಿರಲಿಲ್ಲ. ನನಗೆ ಅನುಮಾನ ಹುಟ್ಟಲು ಅಷ್ಟು ಸಾಕಾಯಿತು. ಹುನಗುಂದದಲ್ಲಿ ಯಾರದೋ ಗಾಡಿಯ ಡೀಸೆಲ್ ಕಳವಾಯಿತೆಂದು ಕೇಳಿದ ದಿನವೇ ನನ್ನ ಟ್ಯಾಂಕಿನ ಮುಚ್ಚಳಕ್ಕೆ ಬಟ್ಟೆ ಸುತ್ತಿ, ಮೇಲೆ ದಪ್ಪಗೆ ಅರಗು ಸುರಿದು, ನನ್ನ ಉಂಗುರ ಒತ್ತಿ ಮುದ್ರೆ ಹಾಕಿದೆ. ‘ಇದನ್ನ ಒಡದವ ಅವತ್ತಽ ಕೆಲಸ ಬಿಟ್ಟು ಹೋಗಬೇಕು’ ಎಂದೆ.

ರಾಜಮಹ್ಮದ ಮುಚ್ಚಳ ನೋಡಿದ. “ಹಿಂಗ ಬ್ಯಾಡ್ರಿ ಸಾವ್ಕಾರ್ರ. ಟ್ಯಾಂಕಿಗೂ ಉಸರ ಬೇಕಾಕ್ಕೈತಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅನುಮಾನ ಗಟ್ಟಿಯಾಯಿತು. ಇಳಕಲ್ಲಿನ ಗ್ರಾನೈಟ್ ಶೆಡ್ಡಿಗೆ ಬಣ್ಣ ಬಳಿಯುವ ಕೆಲಸಕ್ಕೆ ಗಾಡಿ ಕಳಿಸಿದಾಗ, ಅಲ್ಲಿ ನೀರು ಹೊಡೆಯುವ ಅಂಬವ್ವನನ್ನು ಕಾವಲಿಗೆ ನೇಮಿಸಿದೆ.

“ಈ ಮುಚ್ಚಳ ಯಾರೂ ಮುಟ್ಟಬಾರದು. ನನ್ನ ದನೀಲೆ ಫೋನ್ ಬಂದ್ರೂ ನಂಬಬ್ಯಾಡ. ನಾ ಖುದ್ದ ಬಂದು ಪಕ್ಕಕ್ಕ ನಿಂತ ಮ್ಯಾಲ ಮಾತ್ರ ತಗೀಬೇಕು.”

“ಆತ್ರಿ,” ಎಂದಳು ಅಂಬವ್ವ.

ಮರುದಿನದಿಂದಲೇ ಇಂಜಿನ್ ನಿಲ್ಲತೊಡಗಿತು. ಅರ್ಧ ತಾಸು ನಡೆಯುವುದು, ಕೆಮ್ಮುವುದು, ಸಾಯುವುದು. ಫೋನ್ ಬಂದೊಡನೆ ನಾನು ಓಡುತ್ತಿದ್ದೆ. ಮುದ್ರೆ ಹಾಗೇ ಇರುತ್ತಿತ್ತು. ಒಡೆದು ಮುಚ್ಚಳ ತಿರುಗಿಸಿದರೆ ‘ಸೊಂಯ್’ ಎನ್ನುವುದು. ಒಳಗೆ ಡೀಸೆಲ್ ತುಂಬಿರುವುದು. ರಾಜಮಹ್ಮದ ಕೀಲಿ ತಿರುವಿದರೆ ಇಂಜಿನ್ ಗುಡುಗುವುದು! ನಾನು ಮತ್ತೆ ಅರಗು ಹಾಕಿ ಬರುವುದು, ಅದು ಮತ್ತೆ ನಿಲ್ಲುವುದು. ಫಿಲ್ಟರ್ ಹೊಸದು ಹಾಕಿಸಿದೆ, ಪೈಪು ಊದಿಸಿದೆ. ನಾನಿದ್ದಾಗ ಓಡುವ ಗಾಡಿ ನಾನು ಹೋದ ಮೇಲೆ ನಿಲ್ಲುತ್ತದೆಂದರೆ ಏನರ್ಥ? ಕಳ್ಳತನಕ್ಕೆ ದಾರಿ ಇಲ್ಲವಾಗಿ, ರಾಜಮಹ್ಮದನೇ ಮೇಲೆ ಹೋಗಿ ಇಂಜಿನ್ ನಿಲ್ಲಿಸುವ ಕೆಂಪು ಗುಂಡಿ ಒತ್ತುತ್ತಿದ್ದಾನೆ.

ಒಂಬತ್ತನೆಯ ದಿನ ಬಣ್ಣದವನನ್ನು ಕೆಳಗಿಳಿಸಿ ನಾನೇ ರಾಜಮಹ್ಮದನ ಜೊತೆ ತೊಟ್ಟಿಲು ಹತ್ತಿದೆ. “ಇವತ್ತ ನಿನ್ನ ಆಟ ನೋಡೇಬಿಡ್ತೇನಿ. ಕೈ ಕಟ್ಕೊಂಡು ನಿಂದ್ರು.”

ಅವನು ಕೈ ಕಟ್ಟಿ ನಿಂತ. ತೋಳು ಏರಿಳಿಸುವ ಸನ್ನೆಗೋಲುಗಳೆಲ್ಲ ನನ್ನ ಕೈಯಲ್ಲೇ ಇದ್ದವು. ನಲವತ್ತು ಅಡಿ ಮೇಲೆ, ಕಾದ ತಗಡಿನ ಪಕ್ಕದಲ್ಲಿ, ನಾನು ಅವನ ಬೆರಳುಗಳನ್ನೇ ನೋಡುತ್ತಿರುವಾಗ ಇಂಜಿನ್ ಕೆಮ್ಮಿ ನಿಂತಿತು. ಕಟ್ಟಿದ ಕೈ ಕಟ್ಟಿದಂತೆಯೇ ಇತ್ತು.

ಇಂಜಿನ್ ನಿಂತಾಗ ಇಳಿಸಲೆಂದು ಬೇರೆ ಬ್ಯಾಟರಿ ಇರುತ್ತದೆ. ಎಂಟು ದಿನ ಇಳಿಸಿ ಇಳಿಸಿ ಅದು ಸತ್ತಿತ್ತು. ಗಾಳಿಗೆ ತೊಟ್ಟಿಲು ಓಲಾಡಿತು. ಎರಡೂ ಕೈಯಿಂದ ಅದರ ಕಂಬಿ ಹಿಡಿದುಕೊಂಡೆ, ಸುಳ್ಳೇಕೆ ಹೇಳಲಿ.

“ಮುಚ್ಚಳ ತಗದ್ರ ಚಾಲೂ ಆಕ್ಕೈತ್ರಿ,” ಎಂದ ರಾಜಮಹ್ಮದ. “ಅದರಾಗ ಸಣ್ಣ ತೂತೈತಿ. ಡೀಸೆಲ್ ಕೆಳಗ ಹೋದಂಗ ಗಾಳಿ ಒಳಗ ಬರಬೇಕು. ಅರಗು ಅದನ್ನ ಮುಚ್ಚೈತಿ. ಮೊದಲನೇ ದಿನಾನಽ ಹೇಳಿದ್ದೆ.”

ಗಾಳಿ ಒಳನುಗ್ಗಿದ ಎಂಟು ದಿನಗಳ ‘ಸೊಂಯ್’ ಒಮ್ಮೆಲೇ ಕಿವಿಯಲ್ಲಿ ಕೇಳಿಸಿತು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

“ಅಂಬವ್ವಾ! ಮುಚ್ಚಳ ತಗಿ!” ಎಂದು ಕೂಗಿದೆ.

ಅವಳು ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದಳು. “ನೀವು ಬಂದು ಪಕ್ಕಕ್ಕ ನಿಂದರ್ರಿ. ಆಮ್ಯಾಲ ತಗೀತೇನಿ.”

“ಹೆಂಗ ಬರ್ಲಿ? ನಾನಽ ಹೇಳಾಕತ್ತೇನಿ!”

“ನೀವ ಹೇಳಿದ್ರೂ ತಗೀಬಾರದು ಅಂತ ನೀವಽ ಹೇಳೀರಿ. ನಾಳಿ ಒಡದಾಕಿ ಅಂಬವ್ವ ಅಂತ ನನ್ನ ಕೆಲಸ ಕಳದ್ರ?”

ಗದರಿದೆ, ಬೇಡಿಕೊಂಡೆ. ಅವಳು ಅಲುಗಲಿಲ್ಲ. ನನ್ನ ಮಾತನ್ನು ನಂಬಲು ನಾನೇನು ಕಾರಣ ಕೊಟ್ಟಿದ್ದೆ?

ಆಗ ರಾಜಮಹ್ಮದ ಬಗ್ಗಿ ಕೂಗಿದ: “ಅಂಬಕ್ಕಾ, ಒಡಿ. ಯಾರರ ಕೇಳಿದ್ರ ರಾಜಮಹ್ಮದ ಒಡದಾ ಅಂತ ಹೇಳು.”

ಅವಳು ತಕ್ಷಣ ಕಲ್ಲಿನಿಂದ ಅರಗು ಜಜ್ಜಿ ಮುಚ್ಚಳ ತಿರುವಿದಳು. ಅವನು ಕೀಲಿ ತಿರುವಿದ. ಇಂಜಿನ್ ಗುಡುಗಿತು.

ಕೆಳಗಿಳಿದ ಮೇಲೆ ಅವನು ತನ್ನ ಸೇಫ್ಟಿ ಬೆಲ್ಟು ಬಿಚ್ಚಿ ಮಡಚಿಟ್ಟು, ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟ.

“ಒಡದವ ಹೋಗಬೇಕು ಅಂದಿದ್ರಿ.”

“ಲೇ ರಾಜಾ, ತಪ್ಪು ನಂದು, ನಿಂದ್ರೋ...”

“ತಪ್ಪು ಗೊತ್ತಾಗಿದ್ದು ಚಲೋ ಆತ್ರಿ,” ಎಂದು ಬೈಕಿನತ್ತ ನಡೆದ. ಆರು ವರ್ಷ ಗಾಡಿ ನಡೆಸಿದ ಮನುಷ್ಯ ಒಮ್ಮೆಯೂ ತಿರುಗಿ ನೋಡಲಿಲ್ಲ.

ಅಂಬವ್ವ ಒಡೆದ ಅರಗಿನ ಚೂರುಗಳನ್ನು ಸೆರಗಿನಲ್ಲಿ ಆರಿಸಿಕೊಂಡು ಬಂದು ನನ್ನ ಮುಂದೆ ಹಿಡಿದಳು.

“ಎಲ್ಲಾ ಅದಾವ, ಎಣಿಸ್ಕೋರಿ,” ಎಂದಳು. “ನಾಳಿಂದ ಯಾರನ್ನ ಕಾಯ್ಲಿ, ಸಾವ್ಕಾರ್ರ?”