ಮೂರು ದಿನದ ಮರಗಂಟೆ

ನಾನು ಒಂದು ಮರಗಂಟೆ. ಹೆಸರಿಗೆ ಗಂಟೆ, ದನಿ ಕೊಡಲಿ ಏಟಿನದು. ಒಂದು ಹಲಸಿನ ಹಲಗೆ, ಅದರ ಎರಡೂ ಮೈಗೆ ತೂಗುವ ಮರದ ಸುತ್ತಿಗೆ, ಕೆಳಗೊಂದು ಹಿಡಿಕೆ. ಅಲುಗಿಸಿದರೆ ಕಟಕಟ ಎನ್ನುತ್ತೇನೆ. ಅಷ್ಟೇ ನನ್ನ ಸಂಗೀತ.

ನನ್ನನ್ನು ಮಾಡಿದವನು ಬಡಗಿ ಚೌರಪ್ಪ. ತನ್ನ ತಾಯಿಯ ಶವಪೆಟ್ಟಿಗೆಗೆ ಹಲಗೆ ಕೊಯ್ದು, ಉಳಿದ ತುಂಡಿನಲ್ಲಿ ನನ್ನನ್ನು ಕೆತ್ತಿದ. ಕಣ್ಣು ಒರೆಸಿಕೊಳ್ಳುತ್ತ ಉಳಿ ಹಿಡಿದಿದ್ದರಿಂದ ನನ್ನ ಒಂದು ಅಂಚು ಇವತ್ತಿಗೂ ಸೊಟ್ಟ.

ಊರ ಚರ್ಚಿನ ಗಂಟೆ ಹೊಡೆಯುವವನೂ ಅವನೇ. ಯಾರ ಉಸಿರು ನಿಂತರೂ ಮನೆಯವರು ಮೊದಲು ಓಡುತ್ತಿದ್ದದ್ದು ಗಂಟೆಯ ಹಗ್ಗದ ಬಳಿಗೆ. ಅದು ಬಡಿದ ಮೇಲೆಯೇ ಊರಿಗೆ ಸಾವು ನಿಜವಾಗುತ್ತಿತ್ತು. ಆದರೆ ವರ್ಷಕ್ಕೊಮ್ಮೆ ಆ ಗಂಟೆಯೂ ಮೂಕವಾಗುತ್ತದೆ. ಯೇಸುವಿನ ಸಾವಿನ ಶೋಕಕ್ಕೆಂದು ಪವಿತ್ರ ಗುರುವಾರದ ಸಂಜೆ ಹಗ್ಗವನ್ನು ಗೂಟಕ್ಕೆ ಎತ್ತಿ ಕಟ್ಟಿದರೆ, ಯೇಸು ಸಮಾಧಿಯಿಂದ ಎದ್ದನೆಂದು ಸಾರುವ ಶನಿವಾರದ ರಾತ್ರಿಯವರೆಗೆ ಯಾರೂ ಮುಟ್ಟಬಾರದು. ಆ ಮೂರು ದಿನ ಜನರನ್ನು ಕರೆಯುವುದು ನಾನು. ಮಿಕ್ಕ ದಿನವೆಲ್ಲ ಅಟ್ಟದಲ್ಲಿ ಇಲಿಗಳ ಸಹವಾಸ.

ನಿಜ ಹೇಳುತ್ತೇನೆ, ಆ ಗಂಟೆಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ವರ್ಷವೆಲ್ಲ ಅದಕ್ಕೆ, ಸೂತಕದ ಮೂರೇ ದಿನ ನನಗೆ.

ಚೌರಪ್ಪನಿಗೊಂದು ವಿಚಿತ್ರ ಅಭ್ಯಾಸ. ಶುಕ್ರವಾರದ ಉರಿಬಿಸಿಲಿನಲ್ಲಿ ನನ್ನನ್ನು ಬಡಿಯುತ್ತ ಬೀದಿ ಸುತ್ತುವಾಗ, ಮೂರು ಏಟಿಗೊಮ್ಮೆ ನಿಂತು, ಗೋಪುರದ ಕಡೆ ತಲೆ ವಾಲಿಸಿ ಕಿವಿಗೊಡುತ್ತಿದ್ದ. ಅವನ ತಮ್ಮ ರಾಯಪ್ಪ ಕಿಚಾಯಿಸುತ್ತಿದ್ದ.

“ಏನಣ್ಣ, ಕಟ್ಟಾಕಿರೋ ಗಂಟೆ ಮಾತಾಡ್ತದಾ?”

“ಆಡ್ತದೆ. ನೀನು ಬಾಯ್ಮುಚ್ಕೊಂಡಿದ್ರೆ ಕೇಳ್ತದೆ.”

ವರ್ಷಗಳು ಹೋದವು. ಪಾದ್ರಿಗಳು ಬದಲಾದರು, ಹೆಂಚು ಹೋಗಿ ತಾರಸಿ ಬಂತು. ಚೌರಪ್ಪನ ಹೆಬ್ಬೆರಳಿಗೆ ನನ್ನ ಹಿಡಿಕೆ ಸವೆದು ಗುಳಿ ಬಿತ್ತು. ಅವನ ಮಂಡಿ ಸೋತ ಮೇಲೆ ನಾನು ರಾಯಪ್ಪನ ಕೈಗೆ ಬಂದೆ. ಆ ಪುಣ್ಯಾತ್ಮ ಎಲ್ಲೂ ನಿಲ್ಲುತ್ತಿರಲಿಲ್ಲ, ನಾಯಿ ಅಟ್ಟುವವನಂತೆ ಬಡಿದು ಮುಗಿಸುತ್ತಿದ್ದ.

ಒಂದು ವರ್ಷ ಪವಿತ್ರ ಶನಿವಾರದ ಬೆಳಗ್ಗೆ ಚೌರಪ್ಪ ತೀರಿಕೊಂಡ.

ರಾಯಪ್ಪ ಊರಿನ ವಾಡಿಕೆಯಂತೆ ಓಡಿಬಂದು ಗೂಟದಿಂದ ಹಗ್ಗ ಬಿಚ್ಚಿಯೇಬಿಟ್ಟ. ಪಾದ್ರಿಗಳು ಅವನ ಕೈ ಹಿಡಿದರು. ರಾಯಪ್ಪ ಕೊಸರಾಡಿದ.

“ನಲವತ್ತು ವರ್ಷ ಎಲ್ಲರ ಸಾವಿಗೂ ಹೊಡ್ದೋನು ನಮ್ಮಣ್ಣ. ಅವನಿಗೆ ಒಂದೇಟೂ ಇಲ್ವಾ ಸ್ವಾಮಿ?”

ಪಾದ್ರಿಗಳು ಹಿಡಿದ ಕೈ ಬಿಡಲಿಲ್ಲ. ಹೆಣವನ್ನು ಐಸಿನಲ್ಲಿಟ್ಟು ನಾಳೆ ಗಂಟೆ ಹೊಡೆದೇ ಮಣ್ಣು ಮಾಡೋಣ ಎಂದು ಯಾರೋ ಹೇಳಿದರು. ಹೌದು ಹೌದು ಎಂದರು ಎಲ್ಲರೂ. ಅಷ್ಟರಲ್ಲಿ ಚೌರಪ್ಪನ ಹೆಂಡತಿ ಆರೋಗ್ಯಮ್ಮ ಬಂದಳು.

ಹಗ್ಗದ ತುದಿ ಗಂಡನ ಅಂಗೈ ಬೆವರಿಗೆ ಕಪ್ಪಾಗಿತ್ತು. ಅದನ್ನು ಕೆನ್ನೆಗೆ ಒತ್ತಿಕೊಂಡಳು. ಎಳೆದೇ ಬಿಡುತ್ತಾಳೆಂದುಕೊಂಡೆ. ಅವಳು ಅದನ್ನು ಮತ್ತೆ ಗೂಟಕ್ಕೆ ಸುತ್ತಿ ಗಂಟು ಹಾಕಿದಳು.

“ಯೇಸುಸ್ವಾಮಿ ಸಮಾಧೀಲಿ ಮಲಗಿರೋ ದಿನಾನೇ ಇವ್ರೂ ಮಲಗ್ಲಿ. ಒಟ್ಟಿಗೇ ಎದ್ದೇಳ್ತಾರೆ. ಆ ಮರಗಂಟೆ ಇತ್ತ ಕೊಡು ರಾಯಪ್ಪ.”

ಪೆಟ್ಟಿಗೆಯ ಮುಂದೆ ಅವಳೇ ನನ್ನನ್ನು ಬಡಿಯುತ್ತ ನಡೆದಳು. ಒಂದು ಏಟೂ ತಪ್ಪಲಿಲ್ಲ. ಮಣ್ಣು ಮುಚ್ಚಿದ ಮೇಲೆ ಕೊನೆಯ ಮೂರು ಏಟು ಹೊಡೆದು, ಗೋಪುರದ ಕಡೆ ತಲೆ ವಾಲಿಸಿದಳು. ಥೇಟು ಗಂಡನ ಹಾಗೆಯೇ. ಯಾರೂ ಹೇಳಿಕೊಟ್ಟಿರಲಿಲ್ಲ. ಕೆಮ್ಮುತ್ತಿದ್ದವರು ಕೂಡ ಉಸಿರು ಬಿಗಿಹಿಡಿದರು. ಏನೂ ಕೇಳಿಸಲಿಲ್ಲ. ಆದರೂ ಏನೋ ಕೇಳಿಸಿಕೊಂಡಂತಿದ್ದ ಅವಳ ಮುಖ ನೋಡಿ ನನ್ನ ಮರದ ಮೈಯೂ ಜುಮ್ಮೆಂದಿತು.

ಹೋಗುವಾಗ ಅವಳು ನನ್ನನ್ನು ಹಸಿ ಮಣ್ಣಿನ ಮೇಲೆ ಇಟ್ಟು ಹೋದಳು.

ಅಲ್ಲಿಯವರೆಗೆ ಶನಿವಾರದ ಗಂಟೆಯನ್ನು ನಾನು ಅಟ್ಟದೊಳಗಿಂದಲೇ ಕೇಳಿದವನು. ಆ ರಾತ್ರಿ ಚೌರಪ್ಪನ ಎದೆಯ ಮೇಲೆ ಮಲಗಿ ಕೇಳಿದೆ. ರಾಯಪ್ಪ ಎಳೆದ ಮೊದಲ ಏಟಿಗೆ ನನ್ನ ಕೆಳಗಿನ ಮಣ್ಣು ಸಣ್ಣಗೆ ಅದುರಿತು. ನನ್ನ ಸುತ್ತಿಗೆಗಳು ಯಾರೂ ಮುಟ್ಟದೆ ಒಮ್ಮೆ ಅಲುಗಿದವು.

ಈಗ ನಾನು ಮುದುಕ. ಹಲಗೆ ಸೀಳಿದೆ, ಒಂದು ಸುತ್ತಿಗೆ ಬಿದ್ದುಹೋಗಿದೆ. ಆರೋಗ್ಯಮ್ಮನೂ ಗಂಡನ ಪಕ್ಕ ಮಲಗಿ ಬಹಳ ಕಾಲವಾಯಿತು. ಆ ಮೂರು ದಿನ ರಾಯಪ್ಪ ಈಗಲೂ ಕೋಲೂರಿಕೊಂಡು ನನ್ನನ್ನು ಹಿಡಿದು ಹೊರಡುತ್ತಾನೆ. ಸ್ಮಶಾನದ ಗೇಟಿನ ಹತ್ತಿರ ಬಂದಾಗ ಮೂರು ಏಟು ಹೊಡೆದು, ಗೋಪುರದ ಕಡೆ ತಲೆ ವಾಲಿಸಿ, ಬಾಯಿ ಮುಚ್ಚಿಕೊಂಡು ನಿಲ್ಲುತ್ತಾನೆ.