ಮಾರಾಟದ ಹಲಗೆಯ ಮೇಲೆ ಕಾಲುಚೀಲ

ಒದ್ದೆ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ತಂತಿಯತ್ತ ಹೊರಟಿದ್ದೆ, ಗೇಟಿನ ಬಳಿ ಕಾರು ನಿಂತಿತು. ಮನೆ ನೋಡುವವರು ಮಧ್ಯಾಹ್ನ ಬರಬೇಕಿತ್ತು. ಬ್ರೋಕರ್ ಹೆಂಗಸು ಬೆಳಗ್ಗೆಯೇ ಕರೆತಂದುಬಿಟ್ಟಿದ್ದಳು. ತಂತಿ ಎಟುಕದ ನನ್ನ ಮಗಳು ಹೆಟ್ಟಿ, ಗೇಟಿಗೆ ಕಟ್ಟಿದ್ದ 'ಮನೆ ಮಾರಾಟಕ್ಕಿದೆ' ಹಲಗೆಯ ಮೇಲೆ ತನ್ನ ಕಾಲುಚೀಲಗಳನ್ನು ಸಾಲಾಗಿ ಒಣಹಾಕಿದ್ದಳು.

ಮನೆ ನಮ್ಮದಲ್ಲ, ಎದುರು ಮನೆಯ ಟ್ರಾಂಟರ್ ಅಜ್ಜಿಯದು. ಹೆಟ್ಟಿ ಹುಟ್ಟುವ ಮೊದಲಿನಿಂದ ನಾವಿಲ್ಲಿ ಬಾಡಿಗೆಗಿದ್ದೇವೆ. ಸೋರುವ ಮಾಡಿನ ಹಿಂದೆ ಓಡಾಡಲು ಇನ್ನು ತನ್ನಿಂದಾಗದೆಂದು ಅಜ್ಜಿ ಮಾರಲು ಹೊರಟಿದ್ದರು. ನಮ್ಮ ಓಣಿಯ ಅರ್ಧ ಮನೆಗಳಲ್ಲಿ ಈಗ ಶನಿವಾರ, ಭಾನುವಾರ ಮಾತ್ರ ದೀಪ. ರಜೆ ಕಳೆಯಲೆಂದು ಮನೆ ಕೊಳ್ಳುವ ಲಂಡನ್ನಿನವರು ಕೊಡುವ ಬೆಲೆಯೇ ಊರಿನ ಬೆಲೆಯಾಗಿದೆ. ನನ್ನ ಗಂಡನ ಟ್ರ್ಯಾಕ್ಟರ್ ರಿಪೇರಿ ಸಂಬಳ ನೋಡಿ ಬ್ಯಾಂಕಿನವರು ಕೊಡುತ್ತೇವೆಂದ ಸಾಲ ಆ ಬೆಲೆಯ ಹೆಗಲವರೆಗೆ ಬರುತ್ತದೆ, ತಲೆ ಮುಟ್ಟುವುದಿಲ್ಲ. ಈ ಮನೆ ಹೋದರೆ ಊರಲ್ಲಿ ಬೇರೆ ಬಾಡಿಗೆ ಮನೆಯಿಲ್ಲ. ಪಟ್ಟಣಕ್ಕೆ ಹೋಗಬೇಕು, ಹೆಟ್ಟಿಯ ಶಾಲೆ ಬಿಡಿಸಬೇಕು.

ಬೆಲೆ ಸ್ವಲ್ಪ ಇಳಿಸಿ ನಮಗೇ ಕೊಡುತ್ತೀರಾ ಎಂದು ಅಜ್ಜಿಯನ್ನೇ ಕೇಳಿ ನೋಡಬಹುದಿತ್ತು. ಆದರೆ ನಮ್ಮ ಕಡೆ ನೆರೆಯವರೊಡನೆ ದುಡ್ಡಿನ ಮಾತು ತೆಗೆಯುವುದೆಂದರೆ ಚರ್ಚಿನಲ್ಲಿ ಸಿಳ್ಳೆ ಹೊಡೆದಂತೆ. ಹಲಗೆ ಬಂದಂದಿನಿಂದ ನಾನೂ ಅಜ್ಜಿಯೂ ಗೇಟಿನ ಬಳಿ ನಿಂತು ಮಳೆಯ ಬಗ್ಗೆ, ಬೀನ್ಸ್ ಬಳ್ಳಿಯ ಬಗ್ಗೆ, ಅವರ ಹುಂಜದ ಗಂಟಲಿನ ಬಗ್ಗೆ ಮಾತಾಡಿದ್ದೇವೆ. ಅದೂ ಆ ಹಲಗೆಗೇ ಒರಗಿಕೊಂಡು.

ಬಂದವರಿಗೆ ಚಹಾ ಕೊಡದೆ ಇರಲಾಗುತ್ತದೆಯೇ? ಬುಟ್ಟಿ ಕೆಳಗಿಟ್ಟು ಕೆಟಲ್ ಒಲೆಗಿಟ್ಟೆ. ಕಾರು ಕಂಡ ಅಜ್ಜಿಯೂ ಮೊಟ್ಟೆ ಕೊಡುವ ನೆಪದಲ್ಲಿ ಬಂದು ಅಡುಗೆಮನೆಯಲ್ಲಿ ಕೂತರು. ಮನೆ ನೋಡಲು ಬಂದ ಗಂಡ ಹೆಂಡತಿ ಇಬ್ಬರೂ ಒಳ್ಳೆಯವರೇ. ಆತ ಬಾಗಿಲ ತೊಲೆಗೆ ಹಣೆ ಬಡಿದುಕೊಂಡು ತೊಲೆಗೇ ಸಾರಿ ಹೇಳಿದ. ಹೆಟ್ಟಿ ಮುಂದೆ ನಿಂತು ಮನೆ ತೋರಿಸಿದಳು: ಎಲ್ಲಿ ಸೋರುತ್ತದೆ, ಯಾವ ಬಕೆಟ್ ಎಲ್ಲಿಡಬೇಕು, ಒಲೆಯ ಹಿಂದಿನ ಇಲಿಗೆ ಯಾವ ಚೀಸ್ ಇಷ್ಟ. ಬ್ರೋಕರ್ ಹೆಂಗಸು ನಗುತ್ತಲೇ ಇದ್ದಳು, ಪಾಪ, ಬೇರೆ ದಾರಿಯಿರಲಿಲ್ಲ.

ಎದುರು ಮನೆಯ ಹುಂಜ ದಿನಾ ಕೂಗುತ್ತದೆಯೇ ಎಂದು ಆ ಹೆಂಡತಿ ವಿಚಾರಿಸಿದಳು.

"ಭಾನುವಾರ ಸ್ವಲ್ಪ ಬೇಗ ಕೂಗತ್ತೆ," ಎಂದರು ಅಜ್ಜಿ.

ಮನೆ ಕೊಂಡರೆ ತಾವು ಬೇಸಿಗೆಗೂ ಕ್ರಿಸ್ಮಸ್ಸಿಗೂ ಬಂದು ಹೋಗುತ್ತೇವೆಂದು ಹೇಳಿ, ಚಹಾ ಬಹಳ ಚೆನ್ನಾಗಿತ್ತೆಂದು ಹೊಗಳಿ ಅವರು ಹೊರಟರು.

ಅಜ್ಜಿ ಎದ್ದು ಹೋಗಲಿಲ್ಲ. ಕಪ್ಪನ್ನು ತಟ್ಟೆಯ ಮೇಲೆ ಸುತ್ತಿಸುತ್ತ ಕೂತರು. ಆಮೇಲೆ ಕಿಟಕಿಯಾಚೆಯ ಬೀನ್ಸ್ ಬಳ್ಳಿಗೆ ಹೇಳುವಂತೆ ಹೇಳಿದರು: "ಊರಿನವರೇ ಯಾರಾದ್ರೂ ಕೇಳ್ತಾರೇನೋ ಅಂತ ಕಾಯ್ತಿದ್ದೆ ಕಣಮ್ಮ. ಬೆಲೆ ಏನು, ಕೂತು ಮಾತಾಡಿದ್ರೆ ಆಯ್ತು. ಆದ್ರೆ ಈ ಸೋರೋ ಮನೆ ಯಾರಿಗೂ ಬೇಡ ಅಂತ ಕಾಣತ್ತೆ. ಬಾಯಿಬಿಟ್ಟು ಕೇಳಿದವರೇ ಇಲ್ಲ."

ಬಾಯಿ ತೆರೆದೆ. ಹೊರಬಂದದ್ದು ಮಾತ್ರ, "ಇನ್ನೊಂದು ಕಪ್ ಚಹಾ ಹಾಕ್ಲಾ?"

"ಹಾಕು," ಎಂದು ಅಜ್ಜಿ ನಿಟ್ಟುಸಿರಿಟ್ಟರು.

ಅರೆಬರೆ ಒಣಗಿದ ಕಾಲುಚೀಲಗಳನ್ನು ಎತ್ತಿಕೊಂಡು ಬಂದ ಹೆಟ್ಟಿ ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. ದೊಡ್ಡವರಿಬ್ಬರೂ ಸೇರಿ ಸುಲಭದ ಲೆಕ್ಕವೊಂದನ್ನು ತಪ್ಪು ಮಾಡುತ್ತಿದ್ದಾರೆಂಬಂತೆ ಹುಬ್ಬು ಗಂಟಿಕ್ಕಿದಳು. ಆಮೇಲೆ ಅಜ್ಜಿಯ ಮಡಿಲಿಗೆ ಕಾಲುಚೀಲಗಳನ್ನು ಸುರಿದು ಕೇಳಿದಳು:

"ಅಜ್ಜಿ, ನಮ್ಮಮ್ಮಂಗೆ ಈ ಮನೆ ಬೇಕು, ಕೇಳಕ್ಕೆ ನಾಚಿಕೆ ಅಷ್ಟೇ. ನಮಗೇ ಕೊಡ್ತೀರಾ?"