ಅರವತ್ತೊಂದನೇ ಸೀನು

ಸ್ಟುಡಿಯೋದಲ್ಲಿ ಮೂವತ್ತೆಂಟು ವರ್ಷ ಲೈಟು ಹೊತ್ತವನು ಪೆನ್ನು ಹಿಡಿದ ಅಂದರೆ ನಗುವವರೇ ಹೆಚ್ಚು. ಆದರೆ ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದಿದ್ದ ಲೈಟಣ್ಣ ನೂರ ನಲವತ್ತು ಪುಟದ ಚಿತ್ರಕಥೆ ಬರೆದದ್ದು ಸುಳ್ಳಲ್ಲ. ಕಥೆ ಅವನ ತಮ್ಮನದು. ತಮ್ಮನೂ ಅದೇ ಸ್ಟುಡಿಯೋದಲ್ಲಿ ಲೈಟಿನವನು. ಇಪ್ಪತ್ತೆರಡು ವರ್ಷದ ಹಿಂದೆ, ಲೈಟು ಕಟ್ಟುವ ಎತ್ತರದ ಹಲಗೆಯಿಂದ ಬಿದ್ದು ತೀರಿಹೋದ. ಡೈರೆಕ್ಟರು ಓದಿ ನೋಡಿ, "ಕಥೆ ಚೆನ್ನಾಗಿದೆ ಯಜಮಾನ್ರೇ, ಮೈ ಮಾತ್ರ ದಪ್ಪ. ನೂರು ಪುಟಕ್ಕೆ ಇಳಿಸಿ ಸೋಮವಾರ ತನ್ನಿ" ಅಂದಿದ್ದ.

ಇಳಿಸುವ ಕೆಲಸ ನಡೆಯುತ್ತಿದ್ದದ್ದು ತಮ್ಮನ ಹೆಂಡತಿಯ ಟೈಲರ್ ಅಂಗಡಿಯಲ್ಲಿ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿಗೆ ಲೈಟಣ್ಣ ಹಾಳೆಗಳ ಕಟ್ಟು ಹಿಡಿದು ಬರುತ್ತಿದ್ದ. ಗಂಡಸರ ಮಾತು ಅವನು ಓದಬೇಕು, ಹೆಂಗಸರ ಮಾತು ಅವಳು. ಬಾಯಲ್ಲಿ ನಿಲ್ಲದ ಮಾತಿನ ಮೇಲೆ ಅವಳು ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸಿನಿಂದ ಗೀಟು ಎಳೆಯುತ್ತಿದ್ದಳು. ತೆಗೆದ ಹಾಳೆ ಚೂರುಬಟ್ಟೆಯ ಬುಟ್ಟಿಗೆ ಬೀಳುತ್ತಿತ್ತು.

"ಬಾವ, ಗಂಡ ಸತ್ತ ಅಂತ ಗೊತ್ತಾದ ಮೇಲೆ ಇವಳು ಅರ್ಧ ಪುಟ ಮಾತಾಡ್ತಾಳೆ. ಆವತ್ತು ನಾನು ಇಷ್ಟೆಲ್ಲ ಮಾತಾಡಿದ್ನಾ?"

"ನೀನು ತುಟಿ ಬಿಚ್ಚಲಿಲ್ಲ ಕಣಮ್ಮ."

"ಮತ್ತೆ? ಇವಳ ಬಾಯಿ ಮುಚ್ಚಿಸಿ. ಪುಟಾನೂ ಉಳಿಯುತ್ತೆ, ಮರ್ಯಾದೇನೂ ಉಳಿಯುತ್ತೆ."

ಅವನು ಮುಚ್ಚಿಸಿದ. ಅವಳ ಮಾತು ಕತ್ತರಿಯಷ್ಟೇ ಹರಿತ, ಆದರೆ ಕೊಂಕು ಇರಲಿಲ್ಲ. ತೀರಿಹೋದ ಗಂಡನ ವಿಷಯಕ್ಕೆ ಮಾತ್ರ ಅವಳ ಮುಖ ಗಂಟಾಗುತ್ತಿತ್ತು. ಬೀಳದ ಹಾಗೆ ಸೊಂಟಕ್ಕೆ ಕಟ್ಟುವ ಬೆಲ್ಟು ಹಾಕದೆ ಹಟಕ್ಕೆ ಮೇಲೆ ಹತ್ತಿದ ಮನುಷ್ಯ, ಮನೆಯಲ್ಲಿ ಹೆಂಡತಿ ಇದ್ದಾಳೆ ಅನ್ನುವುದು ನೆನಪಿದ್ದರೆ ಹತ್ತುತ್ತಿದ್ದನೇ ಅಂತ. ಅವನ ಒಂದು ಫೋಟೋವನ್ನೂ ಅವಳು ಗೋಡೆಗೆ ಹಾಕಿರಲಿಲ್ಲ.

ಲೈಟಣ್ಣನ ಬರವಣಿಗೆಗೆ ಒಂದು ಪದ್ಧತಿ ಇತ್ತು. ಸೀನಿನ ತಲೆಯ ಮೇಲೆ ಮೊದಲು ಬೆಳಕು ಎಲ್ಲಿಂದ, ಅದರ ಹತ್ತಿರ ಯಾರು ಅಂತ ಬರೆದುಕೊಳ್ಳುವುದು. ಮಾತುಕತೆ ಆಮೇಲೆ. ಅಡುಗೆಮನೆಯಾದರೆ "ಕಿಟಕಿಯಿಂದ, ಹತ್ತಿರ ಹೆಂಡತಿ." ಸ್ಟುಡಿಯೋ ಆದರೆ ಲೈಟಿನ ಪಕ್ಕ ನಿಂತವನ ಗುರುತು. ಹೊತ್ತ ಕೆಲಸ ಹಾಗೆ ಕಲಿಸಿತ್ತು.

ಗುರುವಾರ ಅರವತ್ತೊಂದನೇ ಸೀನಿಗೆ ಬಂದರು. ಬೀಳುವ ಸೀನು.

"ಇದನ್ನ ಪೂರ್ತಿ ತೆಗೆದುಬಿಡೋಣ. ಸುದ್ದಿ ಮನೆಗೆ ಬಂದರೆ ಸಾಕು. ಆರು ಪುಟ ಇಳಿಯುತ್ತೆ," ಎಂದ ಲೈಟಣ್ಣ.

"ಚೆನ್ನಾಯ್ತು. ತೋಳೇ ಇಲ್ಲದ ಅಂಗಿ ಹೊಲಿದು ಬಟ್ಟೆ ಉಳಿಸ್ದೆ ಅಂದಂಗಾಯ್ತು. ಕೊಡಿ ಇಲ್ಲಿ." ಅವಳು ಹಾಳೆ ಕಸಿದುಕೊಂಡು ತಲೆಸಾಲು ನೋಡಿದಳು. "ಬೆಳಕು ಕೆಳಗಿನಿಂದ ಅಂತ ಇದೆ. ಹತ್ತಿರ ಯಾರು ಅಂತ ಇಲ್ವಲ್ಲ ಬಾವ."

"ಮರೆತಿರಬೇಕು."

"ಬೆಕ್ಕು ಹಾಲು ಕುಡಿಯೋ ಸೀನಿಗೂ ಬರೆದಿದ್ದೀರ. ಇದೊಂದಕ್ಕೆ ಮರೆತ್ರಾ?"

ಲೈಟಣ್ಣ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಹಾಳೆ ಮೂರು ಸಲ ತಿದ್ದಿದ್ದ. ಮೂರು ಸಲವೂ ಆ ಜಾಗ ಬಂದಾಗ ಕೈ ತಾನಾಗಿ ಮುಂದಕ್ಕೆ ಹೋಗಿತ್ತು. ಅವಳು ಮೆಷಿನ್ನಿನಿಂದ ಕಾಲು ತೆಗೆದು ಕಾಯುತ್ತಿದ್ದಳು.

"ನಾನಿದ್ದೆ," ಎಂದ.

"ನೀವು ಆಚೆ ಇದ್ರಿ ಅಂತ ಹೇಳಿದ್ರಿ."

"ಹೇಳಿದ್ದೆ. ನಾನು ಆಗತಾನೆ ಮೇಲಿಂದ ಇಳಿದು ಬಂದಿದ್ದೆ. ಇದ್ದದ್ದು ಒಂದೇ ಬೆಲ್ಟು, ನನ್ನ ಸೊಂಟದಲ್ಲಿ. ಒಂದು ಲೈಟು ತಿರುಗಿಸ್ಬೇಕು ಅಂತ ಕೂಗಾಟ ಆಯ್ತು. ಅವನು ಬೆಲ್ಟು ಕೊಡಣ್ಣ ಅಂದ. ಬಕಲ್ಲು ಬಿಗಿಯಾಗಿತ್ತು. ಎರಡು ನಿಮಿಷದ ಕೆಲಸಕ್ಕೆ ಇದನ್ಯಾರು ಬಿಚ್ತಾರೆ, ಹತ್ತೋ ಅಂದೆ. ಹತ್ತಿದ."

ಅವಳು ಹಾಳೆಯನ್ನು ಮೆಷಿನ್ನಿನ ಮೇಲಿಟ್ಟಳು.

"ಬಿದ್ದ ಮೇಲೆ ಬಿಚ್ಚಿದೆ. ಏಣಿ ಹತ್ತಿರ ಇಟ್ಟೆ. ಕೇಳೋಕೆ ಬಂದವರಿಗೆ, ಬೆಲ್ಟು ಇಲ್ಲೇ ಇತ್ತು, ಕಟ್ಟಿಕೊಳ್ಳದೇ ಹೋದ ಅಂದೆ. ನಿನಗೂ ಅದನ್ನೇ ಅಂದೆ."

ಹೊರಗೆ ಯಾರೋ ಸೈಕಲ್ ನಿಲ್ಲಿಸಿ, ಮತ್ತೆ ತಳ್ಳಿಕೊಂಡು ಹೋದರು. ಅವಳು ಅಳುತ್ತಾಳೆ, ಇಲ್ಲವೇ ಕತ್ತರಿ ಎತ್ತಿ ಎಸೆಯುತ್ತಾಳೆ ಅಂದುಕೊಂಡು ಲೈಟಣ್ಣ ತಲೆ ತಗ್ಗಿಸಿ ಕುಳಿತಿದ್ದ. ಎಸೆದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಚಾಕ್‌ಪೀಸು ಕೈಗೆತ್ತಿಕೊಂಡು ಹಾಳೆಗಳನ್ನು ಹಿಂದಕ್ಕೆ ತಿರುವಿದಳು.

"ಹದಿನೆಂಟನೇ ಪುಟ. ನಿಮ್ಮ ತಮ್ಮ ಓಡೋ ಬಸ್ಸಿಂದ ಧುಮುಕ್ತಾರೆ. ಧುಮುಕ್ತಿದ್ರಾ?"

"ಇಲ್ಲ. ಬಸ್ಸು ನಿಂತ ಮೇಲೂ ಒಂದು ಗಳಿಗೆ ಕಂಬಿ ಹಿಡಿದು ನಿಂತಿರ್ತಿದ್ದ."

"ನನಗೂ ಹಾಗೇ ನೆನಪಿತ್ತು," ಅಂದಳು ಅವಳು. "ನೀವು ಹಟಮಾರಿ, ಹಟಮಾರಿ ಅಂತ ಹೇಳಿ ಹೇಳಿ, ನನ್ನ ನೆನಪೇ ತಪ್ಪು ಅಂದ್ಕೊಂಡೆ."

ಗೀಟು ಬಿತ್ತು.

"ಮೂವತ್ಮೂರು. ಒದ್ದೆ ಕೈಯಲ್ಲಿ ವೈರು ಮುಟ್ತಾರೆ."

"ಇಲ್ಲ."

"ನಲವತ್ತು. ಬೆಲ್ಟು ಹೇಡಿಗಳಿಗೆ ಅಂತಾರೆ."

"ಅಂದಿಲ್ಲ. ನಾನೇ ಕಟ್ಟಿದ ಮಾತು."

ಒಂದು ಸುಳ್ಳನ್ನು ನಿಲ್ಲಿಸಲು ಎಷ್ಟು ಕಡೆ ಊರುಗೋಲು ಕೊಟ್ಟಿದ್ದನೋ ಅವನಿಗೇ ಲೆಕ್ಕವಿರಲಿಲ್ಲ. ಅವಳಿಗೆ ಪುಟದ ನಂಬರು ಸಮೇತ ಬಾಯಿಗೆ ಬರುತ್ತಿತ್ತು. ಒಂದೊಂದನ್ನೂ ಕೇಳಿದಳು, ಒಂದೊಂದಕ್ಕೂ ಅವನಿಂದ ಇಲ್ಲ ಅನ್ನಿಸಿಯೇ ಗೀಟು ಎಳೆದಳು. ಬುಟ್ಟಿ ತುಂಬಿತು. ಕೊನೆಗೆ ಅರವತ್ತೊಂದನೇ ಸೀನನ್ನು ಅವನ ಮುಂದೆ ತಳ್ಳಿ, "ಇದನ್ನ ತೆಗೀಬೇಡಿ. ನಡೆದಂಗೆ ಬರೀರಿ. ಈಗಲೇ," ಅಂದಳು.

ಅವನು ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಬಾಗಿ ಬರೆದ. ಆರು ಪುಟದ ಸೀನು ಒಂದೂವರೆ ಪುಟಕ್ಕೆ ಮುಗಿಯಿತು. ಅವಳು ಎರಡು ಸಲ ಓದಿದಳು. ಒಂದು ಮಾತಿಗೂ ಚಾಕ್‌ಪೀಸು ಮುಟ್ಟಿಸಲಿಲ್ಲ.

"ಹತ್ತೋ ಅಂದಾಗ ಅವರ ಮುಖ ಹೇಗಿತ್ತು?"

"ನಾನು ನೋಡ್ಲಿಲ್ಲಮ್ಮ. ಬಕಲ್ಲು ನೋಡ್ತಿದ್ದೆ."

ಅವಳು ತಲೆಯಾಡಿಸಿದಳು. ಹಾಳೆಗಳನ್ನು ತಟ್ಟಿ ಅಂಚು ಸರಿಮಾಡಿ, ದಾರದಲ್ಲಿ ಕಟ್ಟಿ ಅವನ ಕೈಗಿಟ್ಟಳು.

"ಸೋಮವಾರ ಇದನ್ನೇ ಕೊಡಿ. ಒಂದಕ್ಷರ ತಿದ್ದಬೇಡಿ. ಮತ್ತೆ, ನಾಳೆಯಿಂದ ಇಲ್ಲಿಗೆ ಬರಬೇಡಿ ಬಾವ."

ಲೈಟಣ್ಣ ಮೆಟ್ಟಿಲಿಳಿಯುವಾಗ ಗಿರಾಕಿಯೊಬ್ಬಳು ಎದುರಾಗಿ ಒಳಗೆ ಹೋದಳು. ಅವನು ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತ. ಒಳಗಿನಿಂದ ತಮ್ಮನ ಹೆಂಡತಿಯ ದನಿ ಎಂದಿನ ಹಾಗೆಯೇ ಕೇಳುತ್ತಿತ್ತು: ಭುಜ ಹದಿನಾಲ್ಕು, ತೋಳು ಒಂಬತ್ತು. ಮೂರನೇ ಅಳತೆಗೆ ದನಿ ನಿಂತಿತು. ಗಿರಾಕಿ, "ಏನಾಯ್ತಕ್ಕ?" ಅಂದದ್ದು ಕೇಳಿಸಿತು. ಅವನು ಒಳಗೆ ಹೋಗುವ ಹಾಗಿರಲಿಲ್ಲ.